ಬೆಂಗಳೂರು–ವಿದ್ಯಾನಗರ ವಾಯುಮಾರ್ಗ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣವನ್ನೂ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ ವಿದ್ಯಾನಗರ ನಿಲ್ದಾಣವನ್ನೂ ಸೇರಿಸುವ ಮಾರ್ಗ. ನೇರ ಅಂತರ ಸುಮಾರು 247 ಕಿ.ಮೀ., ಅಂದರೆ 133 ನಾಟಿಕಲ್ ಮೈಲಿ. ನಕ್ಷೆಯ ಮೇಲೆ ಈ ಎರಡರ ನಡುವೆ ಗೆರೆ ಎಳೆದರೆ ಅದು ಮೊಳಕಾಲ್ಮೂರು ತಾಲೂಕಿನ ರಾಂಪುರದ ಆಸುಪಾಸಿನಲ್ಲಿ ಹಾಯುತ್ತದೆ. ರಾಂಪುರದವರಿಗೆ ಬಳ್ಳಾರಿ ಮೂಲಕ ತೋರಣಗಲ್ಲೇ ಹತ್ತಿರದ ವಿಮಾನ ನಿಲ್ದಾಣ.

ಈ ಬಗೆಯ ಕಿರುಮಾರ್ಗಗಳಲ್ಲಿ ಓಡುವ ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ಲೆಕ್ಕಕ್ಕೆ ಅರ್ಧ ಗಂಟೆ ಸಾಕು. ಆದರೆ ವೇಳಾಪಟ್ಟಿಯ ಅವಧಿ ವಿಮಾನ ನಿಂತ ಜಾಗದಿಂದ ಕದಲಿದಲ್ಲಿಂದ ಎಣಿಕೆಯಾಗುತ್ತದೆ. ರನ್‌ವೇವರೆಗಿನ ಓಟ, ಮೇಲೇರುವಿಕೆ, ಇಳಿಯಲು ಹಾಕುವ ಸುತ್ತು ಎಲ್ಲ ಸೇರಿ ಅದು ಒಂದು ಗಂಟೆಯ ಹತ್ತಿರ ಬರುತ್ತದೆ. ದೇವನಹಳ್ಳಿಗೆ ಹೋಗುವ, ತಪಾಸಣೆಗೆ ಕಾಯುವ ಹೊತ್ತನ್ನೂ ಕೂಡಿಸಿದರೆ ರಸ್ತೆಗಿಂತ ಆಗುವ ಉಳಿತಾಯ ಬಹಳವೇನಲ್ಲ.

ಬಳ್ಳಾರಿ ಸೀಮೆಗೆ ವಿಮಾನ ಹೊಸದಲ್ಲ. 1932ರ ಅಕ್ಟೋಬರಿನಲ್ಲಿ ಟಾಟಾ ಟಪಾಲು ವಿಮಾನ ಕರಾಚಿಯಿಂದ ಮದರಾಸಿಗೆ ಹೊರಟಾಗ ಬಳ್ಳಾರಿಯೂ ಒಂದು ತಂಗುದಾಣವಾಗಿತ್ತು. ಮುಂಬಯಿಯವರೆಗೆ ಜೆ.ಆರ್.ಡಿ. ಟಾಟಾ, ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ವಿಮಾನ ನಡೆಸಿದರು. ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಡಿ 2017ರಲ್ಲಿ ಟ್ರೂಜೆಟ್ ಸಂಸ್ಥೆ ವಿದ್ಯಾನಗರವನ್ನು ಹೈದರಾಬಾದಿಗೆ ಜೋಡಿಸಿತು.

ಇದೇ ಸೀಮೆಯಲ್ಲಿ ಚಳ್ಳಕೆರೆ ಬಳಿ ಇರುವ ವರವು ಕಾವಲಿನ ರನ್‌ವೇ ಪ್ರಯಾಣಿಕರಿಗಲ್ಲ. 2017ರಲ್ಲಿ ಉದ್ಘಾಟನೆಯಾದ ಅದು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಪರೀಕ್ಷಾ ಕೇಂದ್ರ. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ತಾನಾಗಿ ಹಾರಿ ಇಳಿದದ್ದು ಇಲ್ಲೇ.