ಎಸ್‌ಎಂಟಿಪಿ ಸರ್ವರ್

ಇಮೇಲ್ ಖಾತೆಯಿಂದ ಹೊರಡುವ ಪತ್ರವನ್ನು ಪಡೆದು ಮುಂದಕ್ಕೆ ಸಾಗಿಸುವ ಸರ್ವರ್. ಇದರ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ ಬಾಗೂರಿನಲ್ಲಿ ಜಿಮೇಲ್ ಖಾತೆಯನ್ನು ಥಂಡರ್‌ಬರ್ಡ್‌ಗೆ ಹೊಂದಿಸುವವರೂ ಬೆಂಗಳೂರಿನವರೂ ತುಂಬುವ ವಿವರ ಒಂದೇ: ಸರ್ವರ್ ಹೆಸರು ಎಸ್‌ಎಂಟಿಪಿ.ಜಿಮೇಲ್.ಕಾಂ, ಪೋರ್ಟ್ 587 ಆದರೆ ಸ್ಟಾರ್ಟ್‌ಟಿಎಲ್‌ಎಸ್, 465 ಆದರೆ ಎಸ್‌ಎಸ್‌ಎಲ್, ಬಳಕೆದಾರರ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ.

ಪತ್ರ ಬರುತ್ತದೆ, ಆದರೆ ಹೋಗುವುದಿಲ್ಲ ಎಂದಾದರೆ ಮೊದಲು ಪೋರ್ಟ್ ನೋಡಬೇಕು. ಹಳೆಯ 25ನೇ ಪೋರ್ಟನ್ನು ಸ್ಪ್ಯಾಮ್ ತಡೆಯಲೆಂದು ಅನೇಕ ಇಂಟರ್ನೆಟ್ ಸೇವಾದಾರರು ಮುಚ್ಚಿರುತ್ತಾರೆ.

ಕನ್ನಡ ಲಿಪಿಯ ವಿಳಾಸಗಳ ಮಾತು ಬೇರೆ. ಇನ್ನೂ ನೀಗಬೇಕಾದ ದೊಡ್ಡ ಕೊರತೆ ಇಲ್ಲಿದೆ. ಇವಕ್ಕೆ 2012ರ ಎಸ್‌ಎಂಟಿಪಿಯುಟಿಎಫ್8 ವಿಸ್ತರಣೆ ಬೇಕು. ದಾರಿಯಲ್ಲಿನ ಒಂದು ಸರ್ವರ್‌ಗೆ ಅದು ತಿಳಿಯದಿದ್ದರೂ ಪತ್ರ ಕಳುಹಿಸಿದವರಿಗೇ ಮರಳುತ್ತದೆ.