ಕುಸುಬಿಯ ಸೀಮೆಗೆ ಸೋಯಾ ಬಂದ ಬಗೆ

ಒಂದು ಸೀಮೆಯ ಇತಿಹಾಸವನ್ನು ಕೋಟೆಕೊತ್ತಲಗಳಲ್ಲಿ ಹುಡುಕುವವರು ಬಹಳ ಜನ. ಎಣ್ಣೆಯ ಗಡಿಗೆಯಲ್ಲಿ ಹುಡುಕುವವರು ವಿರಳ. ಕಿತ್ತೂರೆಂದರೆ ೧೮೨೪ರ ಅಕ್ಟೋಬರ್ ೨೩ರಂದು ಥ್ಯಾಕರೆ ಬಿದ್ದ ಊರು. ಬೈಲಹೊಂಗಲವೆಂದರೆ ರಾಣಿ ಚೆನ್ನಮ್ಮನ ಸಮಾಧಿಯಿರುವ ಊರು. ಸವದತ್ತಿಯೆಂದರೆ ರಟ್ಟರ ಸುಗಂಧವರ್ತಿ, ಎಲ್ಲಮ್ಮನ ಗುಡ್ಡ. ರಾಮದುರ್ಗವೆಂದರೆ ಭಾವೆ ಮನೆತನದ ಸಂಸ್ಥಾನ. ಇಷ್ಟು ಎಲ್ಲರೂ ಬಲ್ಲರು. ಆದರೆ ಈ ಊರುಗಳ ಜನ ಯಾವ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಿದ್ದರು, ಆ ಎಣ್ಣೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ.

ನನ್ನಲ್ಲಿ ಅದು ಎದ್ದದ್ದು ನಮ್ಮ ಬಳಗದ ಒಬ್ಬ ಹುಡುಗಿಯಿಂದ. ಅವಳಿಗೆ ಸೋಯಾ ಒಗ್ಗದು. ತಿಂದರೆ ಮೈಮೇಲೆ ಗಂಧೆ ಏಳುತ್ತದೆ, ತುಟಿ ಬಾಯುತ್ತದೆ. ಅವಳ ತಂದೆಯಾದರೋ ಬೈಲಹೊಂಗಲದ ಕಡೆಯ ರೈತ. ಮುಂಗಾರಿಗೆ ಸೋಯಾವನ್ನೇ ಬಿತ್ತುವವನು. ಶಾಲೆಯ ಗೆಳತಿಯರೆಲ್ಲ ಬ್ರೆಡ್ಡಿಗೆ ಬಳಿದು ತಿನ್ನುವ ಮೇಯನೇಸ್ ತನಗೂ ಬೇಕೆಂದು ಅವಳ ಹಟ. ಅಂಗಡಿಯ ಶೀಸೆಗಳ ಚೀಟಿ ಓದಿದರೆ ಒಂದರಲ್ಲಿ ಸೋಯಾ ಎಣ್ಣೆ, ಇನ್ನೊಂದರಲ್ಲಿ ಸೋಯಾ ಪ್ರೋಟೀನು, ಮತ್ತೊಂದರಲ್ಲಿ ಸೋಯಾ ಲೆಸಿಥಿನ್. ಅಪ್ಪನ ಹೊಲದ ಬೆಳೆಯೇ ಮಗಳಿಗೆ ವರ್ಜ್ಯವಾಯಿತು.

ಇದು ಹೇಗಾಯಿತೆಂದು ನೋಡಲು ತುಸು ಹಿಂದಕ್ಕೆ ಹೋಗಬೇಕು. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ದೇವರ ನಂದಾದೀಪಕ್ಕೆ ಗಾಣದಿಂದ ಎಣ್ಣೆ ಬಿಟ್ಟ ದತ್ತಿಗಳು ಹೇರಳ. ನಮ್ಮ ಎರೆಭೂಮಿಯಲ್ಲಿ ಗಾಣಕ್ಕೆ ಬೀಳುತ್ತಿದ್ದ ಬೀಜಗಳಲ್ಲಿ ಕುಸುಬಿಗೆ ಹಿರಿಯ ಸ್ಥಾನ. ಸಂಸ್ಕೃತದ ಕುಸುಂಭವೇ ನಮ್ಮ ಕುಸುಬಿ. ಅದರ ಹೂವಿನಿಂದ ಕೆಂಪು ಬಣ್ಣ, ಬೀಜದಿಂದ ಎಣ್ಣೆ. ಹಿಂಗಾರಿನಲ್ಲಿ ಜೋಳದ ಹೊಲದ ಅಂಚಿಗೆ ಇದನ್ನು ಸಾಲಾಗಿ ಬಿತ್ತುತ್ತಿದ್ದರು. ಗಿಡದ ತುಂಬ ಮುಳ್ಳು. ದನ ಒಳನುಗ್ಗದಂತೆ ಅದೇ ಬೇಲಿಯೂ ಆಗುತ್ತಿತ್ತು. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಮಳೆ ನಿಂತ ಮೇಲೆಯೂ ನೆಲದಲ್ಲಿ ಉಳಿದ ಹಸಿಯ ಮೇಲೆ ಬೆಳೆ ಬರುತ್ತಿತ್ತು. ರಾಮದುರ್ಗ, ಸವದತ್ತಿಗಳಂಥ ಮಳೆ ಕಡಿಮೆಯ ಭಾಗಕ್ಕೆ ಹೇಳಿ ಮಾಡಿಸಿದ ಬೆಳೆ. ಶೇಂಗಾ ದಕ್ಷಿಣ ಅಮೇರಿಕದಿಂದ ಬಂದು ನಮ್ಮದಾದದ್ದು ಆಮೇಲಿನ ಮಾತು.

ಸೋಯಾ ಬಂದದ್ದಂತೂ ಇನ್ನೂ ಈಚೆಗೆ. ೧೯೩೫ರಲ್ಲಿ ಗಾಂಧೀಜಿ ವರ್ಧಾದ ಮಗನವಾಡಿಯಲ್ಲಿ ಇದನ್ನು ಆಹಾರವಾಗಿ ಪರೀಕ್ಷಿಸಿ ತಮ್ಮ ಪತ್ರಿಕೆಯಲ್ಲಿ ಬರೆದದ್ದುಂಟು. ಆದರೂ ಆಗ ಜನ ಮೆಚ್ಚಲಿಲ್ಲ. ೧೯೬೦ರ ದಶಕದ ಕೊನೆಗೆ ಜಬಲಪುರ, ಪಂತನಗರಗಳ ವಿಶ್ವವಿದ್ಯಾಲಯಗಳು ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ ಹೊಸ ತಳಿಗಳನ್ನು ತಂದ ಮೇಲೆ ಮಧ್ಯಪ್ರದೇಶ ಸೋಯಾದ ತೌರಾಯಿತು. ಅಲ್ಲಿಂದ ಮಹಾರಾಷ್ಟ್ರ, ಅಲ್ಲಿಂದ ಬೀದರ, ಬೆಳಗಾವಿ, ಧಾರವಾಡ. ಮೂರು ಮೂರೂವರೆ ತಿಂಗಳಲ್ಲಿ ಕೈಗೆ ಬರುವ ಬೆಳೆ, ಕೊಯ್ಲಿಗೆ ಯಂತ್ರ, ಮಾರಾಟಕ್ಕೆ ಪೇಟೆ. ತುಕ್ಕುರೋಗ ಬಂದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದನ್ನು ತಡೆಯುವ ತಳಿಯನ್ನೂ ಕೊಟ್ಟಿತು. ಕುಸುಬಿಗಾದರೆ ಹೇನಿನ ಕಾಟ, ಮುಳ್ಳಿನಲ್ಲಿ ಕೊಯ್ಯಲು ಆಳಿಲ್ಲ. ಇದರ ಮೇಲೆ ೧೯೯೪ರಿಂದ ವಿದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆಯಿತು. ಅಗ್ಗದ ಎಣ್ಣೆಯ ಮುಂದೆ ಊರ ಗಾಣ ನಿಂತೀತೇ? ರೈತ ಲೆಕ್ಕ ತಪ್ಪಿದನೆಂದು ಹೇಳುವ ಹಾಗಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಇನ್ನು ಮೇಯನೇಸಿನ ಮಾತು. ೧೭೫೬ರಲ್ಲಿ ಮಿನೋರ್ಕ ದ್ವೀಪದ ಮಹೋನ್ ಬಂದರನ್ನು ಫ್ರೆಂಚರು ಗೆದ್ದಾಗ ಹುಟ್ಟಿದ ವ್ಯಂಜನವೆಂದು ಒಂದು ಕತೆಯುಂಟು. ಕತೆ ಹೇಗೇ ಇರಲಿ, ತತ್ತ್ವ ಸುಲಭ: ಎಣ್ಣೆಯನ್ನು ಕಣಕಣವಾಗಿ ಒಡೆದು ನೀರಿನಂಶದಲ್ಲಿ ಹಿಡಿದು ನಿಲ್ಲಿಸುವುದು. ಹಿಡಿದಿಡುವ ಕೆಲಸವನ್ನು ಮೂಲದಲ್ಲಿ ಮೊಟ್ಟೆಯ ಹಳದಿ ಮಾಡುತ್ತದೆ. ಮೊಟ್ಟೆಯಿಲ್ಲದ ಬಗೆಯಲ್ಲಿ ಆ ಕೆಲಸಕ್ಕೆ ಹಾಲಿನ ಪ್ರೋಟೀನನ್ನೋ ಸೋಯಾವನ್ನೋ ಹಾಕುತ್ತಾರೆ.

ಈ ತತ್ತ್ವ ನಮ್ಮ ಅಜ್ಜಿಯರಿಗೆ ಹೊಸದಲ್ಲ. ಕುಸುಬಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು ಗೋಧಿಯ ಹುಗ್ಗಿಗೆ ಹಾಕುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಆ ಹಾಲು ಬೆಳ್ಳಗಿರುವುದೇಕೆ? ಬೀಜದೊಳಗಿನ ಎಣ್ಣೆಯ ಕಣಗಳಿಗೆ ಪ್ರೋಟೀನಿನ ತೆಳುವಾದ ಪೊರೆಯಿದೆ. ಅದರಿಂದ ಅವು ಒಂದನ್ನೊಂದು ಕೂಡದೆ ನೀರಿನಲ್ಲಿ ತೇಲುತ್ತವೆ. ಮೇಯನೇಸಿನ ದೂರದ ನೆಂಟ ನಮ್ಮ ಅಡುಗೆಮನೆಯಲ್ಲೇ ಇದ್ದಿತು.

ನಾವು ಮನೆಯಲ್ಲಿ ಮಾಡಿದ ಕ್ರಮ ಹೀಗೆ. ತಣ್ಣನೆಯ ಆಕಳ ಹಾಲು ಒಂದು ಪಾಲು, ಕುಸುಬಿ ಎಣ್ಣೆ ಎರಡು ಪಾಲು, ಚಿಟಿಕೆ ಸಾಸಿವೆ ಪುಡಿ, ಉಪ್ಪು. ಮಿಕ್ಸರು ತಿರುಗುತ್ತಿರುವಾಗ ಎಣ್ಣೆಯನ್ನು ದಾರದಂತೆ ಸುರಿಯಬೇಕು. ಅವಸರ ಮಾಡಿದರೆ ಒಡೆಯುತ್ತದೆ. ಕೊನೆಗೆ ಲಿಂಬೆರಸ ಬಿದ್ದೊಡನೆ ಗಟ್ಟಿಯಾಗುತ್ತದೆ. ಹಸಿ ಮೊಟ್ಟೆಯ ಗೊಡವೆಯಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ತೆಲಂಗಾಣ ಸರಕಾರ ಹಸಿ ಮೊಟ್ಟೆಯ ಮೇಯನೇಸನ್ನು ಒಂದು ವರ್ಷ ನಿಷೇಧಿಸಿದ್ದನ್ನು ವಾಚಕರು ಬಲ್ಲರು. ಕುಸುಬಿಯದು ಇನ್ನೊಂದು ಗುಣ: ಫ್ರಿಜ್ಜಿನಲ್ಲಿಯೂ ತೆಳುವಾಗಿಯೇ ಉಳಿಯುತ್ತದೆ. ಶೇಂಗಾ ಎಣ್ಣೆ ಆ ಚಳಿಗೆ ಹೆಪ್ಪುಗಟ್ಟಿ ಮೇಯನೇಸನ್ನು ಒಡೆಯಬಲ್ಲದು. ಎರಡು ಮೂರು ದಿನದೊಳಗೆ ಮುಗಿಸಬೇಕು. ಹಾಲೂ ಒಗ್ಗದವರಿಗೆ ಇದು ಸಲ್ಲದು.

ಎರಡು ಎಚ್ಚರಿಕೆಯ ಮಾತು. ಅಲರ್ಜಿಯನ್ನು ಕೆರಳಿಸುವುದು ಸೋಯಾದ ಪ್ರೋಟೀನು. ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಅತ್ಯಲ್ಪ. ಗಾಣದ ಎಣ್ಣೆಯಲ್ಲಿ ಹಾಗಲ್ಲ. ಆದ್ದರಿಂದ ಯಾವುದು ಸಲ್ಲುತ್ತದೆಂಬುದನ್ನು ವೈದ್ಯರೇ ಹೇಳಬೇಕು. ಇನ್ನೊಂದು, ಗಾಣದಲ್ಲಿ ಎಣ್ಣೆ ಕೊಳ್ಳುವಾಗ ಅದೇ ಗಾಣಕ್ಕೆ ಸೋಯಾ, ಶೇಂಗಾ ಬೀಳುತ್ತವೆಯೇ ಎಂದು ಕೇಳಬೇಕು. ಬಿದ್ದರೆ ಹಿಂದಿನ ಬೀಜದ ಅಂಶ ಮುಂದಿನ ಎಣ್ಣೆಗೆ ಸೇರುತ್ತದೆ.

ಬರೀ ಕುಸುಬಿಯನ್ನೇ ಅರೆಯುವ ಗಾಣವನ್ನು ಹುಡುಕಿಕೊಂಡು ಆ ಹುಡುಗಿಯ ತಂದೆ ಸವದತ್ತಿ ದಾಟಿ ರಾಮದುರ್ಗದವರೆಗೆ ಹೋಗಬೇಕಾಯಿತು. ಹಿಂದೆ ಹೊಲದಂಚಿನಲ್ಲಿದ್ದುದಕ್ಕೆ ಈಗ ಇಷ್ಟು ದಾರಿ. ಈ ವರುಷದ ಹಿಂಗಾರಿಗೆ ತನ್ನ ಜೋಳದ ಸುತ್ತ ನಾಲ್ಕು ಸಾಲು ಕುಸುಬಿ ಹಾಕುವುದಾಗಿ ಹೇಳಿದ್ದಾನೆ. ಮುಂಗಾರಿಗೆ ಸೋಯಾ ಇದ್ದೇ ಇರುತ್ತದೆ, ಸಾಲ ತೀರಬೇಕಲ್ಲ!