ಏಮಿ ಗ್ರಿಫಿನ್

ಏಮಿ ಗ್ರಿಫಿನ್ ಅಮೆರಿಕ ಸಂಯುಕ್ತ ಸಂಸ್ಥಾನದ ಮಾಜಿ ಫುಟ್‌ಬಾಲ್ ಗೋಲ್‌ಕೀಪರ್ ಮತ್ತು ತರಬೇತುದಾರರು. ಇವರ ವಿವಾಹಪೂರ್ವದ ಹೆಸರು ಏಮಿ ಆಲ್‌ಮನ್. 1991ರಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡದ ಸದಸ್ಯೆಯಾಗಿದ್ದ ಇವರು, ಮುಂದೆ ಕೃತಕ ಹುಲ್ಲಿನ ಮೈದಾನಗಳಲ್ಲಿ ಬಳಸುವ ರಬ್ಬರ್ ಪುಡಿಯ ಸುರಕ್ಷತೆಯ ಬಗ್ಗೆ ಪ್ರಶ್ನೆ ಎತ್ತಿ ವ್ಯಾಪಕ ಚರ್ಚೆಗೆ ಕಾರಣರಾದರು. ಕಿವುಡ ಮಹಿಳೆಯರ ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರಾಗಿಯೂ ಹೆಸರು ಪಡೆದಿದ್ದಾರೆ.

ಆಟಗಾರ್ತಿಯಾಗಿ

ಇವರು ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದು, ಅನಂತರ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದರು. 1991ರ ನವೆಂಬರ್‌ನಲ್ಲಿ ಚೀನಾದಲ್ಲಿ ನಡೆದ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ಅಮೆರಿಕವು ನಾರ್ವೆಯನ್ನು 2–1 ಗೋಲುಗಳಿಂದ ಸೋಲಿಸಿತು. ಆ ಪಂದ್ಯಾವಳಿಯಲ್ಲಿ ಮೇರಿ ಹಾರ್ವಿ ತಂಡದ ಪ್ರಧಾನ ಗೋಲ್‌ಕೀಪರ್ ಆಗಿದ್ದರು.

ತರಬೇತಿ ವೃತ್ತಿ

ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ತರಬೇತಿ ನೀಡಿದ ಬಳಿಕ, 1996ರಲ್ಲಿ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಸಹ ತರಬೇತುದಾರರಾಗಿದ್ದು, ವಿಶೇಷವಾಗಿ ಗೋಲ್‌ಕೀಪರ್‌ಗಳನ್ನು ತಯಾರು ಮಾಡಿದರು.

ರಬ್ಬರ್ ಪುಡಿಯ ಪ್ರಶ್ನೆ

ಕೃತಕ ಹುಲ್ಲಿನ ಎಳೆಗಳ ನಡುವೆ ಹಳೆಯ ಟೈರುಗಳನ್ನು ಅರೆದು ಮಾಡಿದ ಕಪ್ಪು ಪುಡಿಯನ್ನು ತುಂಬುವ ಪದ್ಧತಿಯಿದೆ. ಒಂದು ಮೈದಾನಕ್ಕೆ ಸಾವಿರಾರು ಟೈರುಗಳು ಬೇಕಾಗುತ್ತವೆ. ಚೆಂಡಿಗಾಗಿ ಪದೇ ಪದೇ ನೆಲಕ್ಕೆ ಬೀಳುವ ಗೋಲ್‌ಕೀಪರ್‌ಗಳ ಬಾಯಿ, ಕಣ್ಣು ಮತ್ತು ತರಚುಗಾಯಗಳಿಗೆ ಈ ಪುಡಿ ಸೇರುವುದು ಸಾಮಾನ್ಯ.

2009ರಲ್ಲಿ ಗ್ರಿಫಿನ್ ಅವರು ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಯುವ ಗೋಲ್‌ಕೀಪರ್ ಒಬ್ಬರನ್ನು ನೋಡಲು ಆಸ್ಪತ್ರೆಗೆ ಹೋದರು. ಆ ವಾರ ತಾನು ಔಷಧ ಏರಿಸಿದ ಗೋಲ್‌ಕೀಪರ್‌ಗಳಲ್ಲಿ ಇದು ನಾಲ್ಕನೆಯವರೆಂದು ಅಲ್ಲಿನ ದಾದಿ ಹೇಳಿದರು. ಅಂದಿನಿಂದ ಗ್ರಿಫಿನ್ ಕ್ಯಾನ್ಸರ್‌ಗೆ ತುತ್ತಾದ ಆಟಗಾರರ ಪಟ್ಟಿಯೊಂದನ್ನು ಬರೆದಿಡತೊಡಗಿದರು. 2014ರ ಅಕ್ಟೋಬರ್‌ನಲ್ಲಿ ಎನ್‌ಬಿಸಿ ಸುದ್ದಿವಾಹಿನಿ ಇದನ್ನು ವರದಿ ಮಾಡಿದಾಗ ಪಟ್ಟಿಯಲ್ಲಿ 38 ಹೆಸರುಗಳಿದ್ದವು. ಅವರಲ್ಲಿ 34 ಮಂದಿ ಗೋಲ್‌ಕೀಪರ್‌ಗಳು. ರಬ್ಬರ್ ಪುಡಿಯೇ ಕಾರಣವೆಂದು ಅವರು ಸಾಧಿಸಹೊರಡಲಿಲ್ಲ. ತಜ್ಞರು ಇದನ್ನು ಪರಿಶೀಲಿಸಬೇಕೆಂಬುದೇ ಅವರ ಬೇಡಿಕೆಯಾಗಿತ್ತು.

ತನಿಖೆ ಮತ್ತು ಫಲಿತಾಂಶ

ವಾಷಿಂಗ್ಟನ್ ರಾಜ್ಯದ ಆರೋಗ್ಯ ಇಲಾಖೆಯು ಈ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ತನಿಖೆ ನಡೆಸಿ 2017ರ ಜನವರಿಯಲ್ಲಿ ವರದಿ ಪ್ರಕಟಿಸಿತು. ಆ ವೇಳೆಗೆ ಪಟ್ಟಿ 53ಕ್ಕೆ ಏರಿತ್ತು. ವಯಸ್ಸು, ವಾಸಸ್ಥಳ ಮತ್ತು ಕಾಲಾವಧಿಯ ನಿಯಮಗಳಿಗೆ ಒಳಪಟ್ಟವರು 28 ಮಂದಿ. ರಾಜ್ಯದ ಅದೇ ವಯೋಮಾನದವರಲ್ಲಿನ ಕ್ಯಾನ್ಸರ್ ಪ್ರಮಾಣದಿಂದ ಲೆಕ್ಕಹಾಕಿದಾಗ ನಿರೀಕ್ಷಿಸಬಹುದಾಗಿದ್ದ ಸಂಖ್ಯೆಗಿಂತ ಇದು ಕಡಿಮೆಯೇ ಆಗಿತ್ತು. ಆದ್ದರಿಂದ ಫುಟ್‌ಬಾಲ್ ಆಟವನ್ನು ಬಿಡಬೇಕಿಲ್ಲವೆಂದು ಇಲಾಖೆ ಸಲಹೆ ನೀಡಿತು. ಆದರೆ ರಬ್ಬರ್ ಪುಡಿಯ ಸಂಪರ್ಕದಿಂದ ಅಪಾಯವಿದೆಯೇ ಎಂಬುದನ್ನು ನಿರ್ಣಯಿಸಲು ಈ ಅಧ್ಯಯನವನ್ನು ರೂಪಿಸಿರಲಿಲ್ಲವೆಂದೂ ವರದಿ ಸ್ಪಷ್ಟಪಡಿಸಿತು.

2016ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರವೂ ಅಧ್ಯಯನ ಕೈಗೊಂಡಿತು. 2019 ಮತ್ತು 2024ರಲ್ಲಿ ಪ್ರಕಟವಾದ ಅದರ ಎರಡು ಭಾಗಗಳ ಪ್ರಕಾರ, ಪುಡಿಯಲ್ಲಿ ಹಲವು ರಾಸಾಯನಿಕಗಳಿದ್ದರೂ ದೇಹವನ್ನು ಸೇರುವ ಪ್ರಮಾಣ ಸೀಮಿತವೆಂದು ತೋರುತ್ತದೆ. ಇದೂ ಅಪಾಯದ ಪೂರ್ಣ ಮೌಲ್ಯಮಾಪನವಲ್ಲ. ಐರೋಪ್ಯ ಒಕ್ಕೂಟವು 2023ರಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಮಾಲಿನ್ಯವನ್ನು ತಡೆಯುವ ಉದ್ದೇಶದಿಂದ, ಇಂತಹ ಪುಡಿಯ ಮಾರಾಟವನ್ನು 2031ರಿಂದ ನಿಷೇಧಿಸಲು ನಿರ್ಧರಿಸಿತು. ಈ ಕ್ರಮದ ಆಧಾರ ಪರಿಸರ ರಕ್ಷಣೆಯೇ ಹೊರತು ಕ್ಯಾನ್ಸರ್‌ನ ಸಂಶಯವಲ್ಲ.

ಕಿವುಡ ಮಹಿಳೆಯರ ತಂಡ

ಕಿವುಡರ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಭಾಗವಹಿಸಲು ಎರಡು ಕಿವಿಗಳಲ್ಲಿ ಉತ್ತಮವಾದದ್ದರಲ್ಲಿಯೂ ಕನಿಷ್ಠ 55 ಡೆಸಿಬಲ್ ಶ್ರವಣನಷ್ಟವಿರಬೇಕು. ಪಂದ್ಯದ ವೇಳೆ ಶ್ರವಣ ಸಾಧನಗಳನ್ನು ತೆಗೆದಿಡಬೇಕು. ಹಿಂದಿನಿಂದ ಕೂಗಿ ರಕ್ಷಣಾ ಸಾಲನ್ನು ನಿರ್ದೇಶಿಸುವುದು ಗೋಲ್‌ಕೀಪರ್‌ನ ವಾಡಿಕೆಯ ಕೆಲಸ. ಇಲ್ಲಿ ಅದು ಸಾಧ್ಯವಿಲ್ಲದ್ದರಿಂದ ನೋಟ ಮತ್ತು ಸಂಜ್ಞೆಗಳನ್ನೇ ಅವಲಂಬಿಸಬೇಕಾಗುತ್ತದೆ. 2024ರ ಜೂನ್ 1ರಂದು ಕೊಲೊರಾಡೊ ರಾಜ್ಯದಲ್ಲಿ, ಅಮೆರಿಕದ ಹಿರಿಯ ಮಹಿಳಾ ತಂಡದ ಪಂದ್ಯ ನಡೆದ ದಿನ ಅದೇ ಕ್ರೀಡಾಂಗಣದಲ್ಲಿ, ಗ್ರಿಫಿನ್ ಅವರ ತಂಡವು ಆಸ್ಟ್ರೇಲಿಯವನ್ನು 11–0 ಗೋಲುಗಳಿಂದ ಸೋಲಿಸಿತು.